ಜಾಲತಾಣದ ಕಾವಲು

ವಿಶ್ವವಿದ್ಯಾಲಯದ ಜಾಲತಾಣಕ್ಕೆ ತನ್ನ ಕಾವಲಿನ ಮೇಲೆ ಬಹಳ ಹೆಮ್ಮೆ. ಎಂ.ಎ. ಪ್ರವೇಶದ ಕೊನೆಯ ದಿನ ಕಣ್ಣು ಕಾಣದ ಮಂದಾಕಿನಿ ಅದರಲ್ಲಿ ಅರ್ಜಿ ತುಂಬಿದಳು. ಇನ್ನು ಕಳಿಸುವುದೊಂದೇ ಬಾಕಿ. ಪರದೆಯ ಮೇಲಿನ ಅಕ್ಷರಗಳನ್ನು ಅವಳಿಗೆ ಓದಿ ಹೇಳುವುದು ಕಂಪ್ಯೂಟರಿನೊಳಗಿನ ದನಿಯ ಕೆಲಸ.

"ನಿಲ್ಲು! ಯಂತ್ರಗಳಿಗೆ ಇಲ್ಲಿ ಪ್ರವೇಶವಿಲ್ಲ. ಮನುಷ್ಯರಾದರೆ ಸೇತುವೆಯಿರುವ ಚಿತ್ರಗಳನ್ನು ಒತ್ತಲಿ," ಎಂದಿತು ಜಾಲತಾಣ.

ದನಿ ಚಿತ್ರಗಳನ್ನು ಒಂದೊಂದಾಗಿ ತಡಕಿತು. "ಅಕ್ಕಾ, ನಿನ್ನ ಚಿತ್ರಗಳಿಗೆ ಹೆಸರೇ ಬರೆದಿಲ್ಲ. ಏನೆಂದು ಓದಲಿ?"

"ನೋಡಿದರೆ ತಿಳಿಯುತ್ತದಲ್ಲ!"

"ಅವಳಿಗೆ ಕಾಣದು. ಕೇಳಿ ಉತ್ತರಿಸುವಂಥ ಪ್ರಶ್ನೆಯೊಂದನ್ನು ಕೊಡು."

"ಇಷ್ಟು ವರ್ಷ ಯಾರೂ ಕೇಳಿಲ್ಲ. ನಿನ್ನದೊಂದು ಹೊಸ ರಾಗ!"

"ಕೇಳಬೇಕಾದವರು ಈ ಬಾಗಿಲಿನಿಂದಲೇ ಹಿಂದಿರುಗಿದರು, ಅಕ್ಕಾ."

ಜಾಲತಾಣ ಅದೇ ಚಿತ್ರಗಳನ್ನು ಮತ್ತೆ ಮುಂದಿಟ್ಟಿತು. "ಚಿತ್ರ, ಚಿತ್ರ, ಚಿತ್ರ," ಎಂದಷ್ಟೇ ದನಿ ಓದಿತು. ಮಂದಾಕಿನಿ ಅಂದಾಜಿನ ಮೇಲೆ ಒತ್ತಿದಳು, ಮತ್ತೆ ಒತ್ತಿದಳು. ಅಷ್ಟರಲ್ಲಿ ಗಡುವು ಮುಗಿಯಿತು.

"ನಾನೇ ಎಲ್ಲೋ ತಪ್ಪು ಮಾಡಿದೆ ಅನ್ನಿಸುತ್ತೆ," ಎಂದಳು ಮೆಲ್ಲಗೆ.

ಅಲ್ಲವೆಂದು ಹೇಳಲು ದನಿಗೆ ಆಗಲಿಲ್ಲ. ಮಂದಾಕಿನಿಗೆ ಕೇಳುವಂತೆ ಅದು ಆಡಬಲ್ಲದ್ದು ಪರದೆಯ ಮೇಲಿನ ಮಾತನ್ನು ಮಾತ್ರ. ಅಲ್ಲಿ ಜಾಲತಾಣ, "ಯಂತ್ರವೊಂದನ್ನು ತಡೆಯಲಾಗಿದೆ," ಎಂದು ಬರೆದಿತ್ತು. ದನಿ ಅದನ್ನೇ ಅವಳಿಗೆ ಓದಿ ಹೇಳಿತು.