ಜೇಡ್ ಕಲ್ಲು ತಂಪಾದದ್ದು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರ ಪಂಚಮಿಯ ಮಾರನೇ ದಿನ. ಐದನೇ ಕ್ಲಾಸು ಅರ್ಧಕ್ಕೇ ನಿಂತಿತು. ಆಮೇಲೆ ಕಾಲು ಕರೆದಲ್ಲಿಗೆಲ್ಲ ಹೋದೆ. ಕಲ್ಕತ್ತೆಯಲ್ಲಿ ಬೂಟು ಹೊಲಿಯುವ ಚೀನೀಯರ ಮನೆಯಲ್ಲಿ ಒಂದು ಮಳೆಗಾಲ ಇದ್ದೆ. ಆ ಮನೆಯ ಮುದುಕಿ ಹೇಳಿದ ಕತೆ ಇದು ಪುಟ್ಟೀ, ಕೇಳು.

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈಯ ಹಸಿ ಇನ್ನೂ ಆರಿರಲಿಲ್ಲ. ಕಲ್ಲುಗಳಿಗೆ ಬಾಯಿತ್ತು, ನದಿಗೆ ಕಿವಿಯಿತ್ತು. ಚೀನಾ ದೇಶದ ಪಡುವಣ ಬೆಟ್ಟದ ಕೆಳಗೆ ಒಬ್ಬಳು ನೀಲಿ ನದಿ ಹರಿಯುತ್ತಿದ್ದಳು.

ಸೂರ್ಯನಿಗೆ ದೂರ ನಿಲ್ಲುವುದು ಆಗಿನ್ನೂ ಗೊತ್ತಿರಲಿಲ್ಲ. ಕೆಳಕ್ಕಿಳಿದು ಬಂದು ನದಿಗೇ ಬಾಯಿ ಹಚ್ಚುತ್ತಿದ್ದ. ಒಂದು ಬೇಸಿಗೆಯಲ್ಲಿ ಕುಡಿಯಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

ನದಿ ಹೆದರಿದಳು. "ನನ್ನ ತಂಪು ಹೋದರೆ ನಾನು ಮತ್ತೆ ಬರೋಕಾಗಲ್ಲ. ಯಾರಾದರೂ ಇಟ್ಟುಕೊಳ್ಳಿ, ಆಮೇಲೆ ತಗೋತೀನಿ" ಎಂದಳು.

"ನನಗೆ ನನ್ನ ಭಾರವೇ ಸಾಕಾಗಿದೆ" ಎಂದಿತು ಕರಿಬಂಡೆ.

"ನನ್ನ ಹತ್ರ ಏನೂ ನಿಲ್ಲೋದಿಲ್ಲಮ್ಮಾ" ಎಂದಿತು ಮರಳು.

ಕೋಳಿಮೊಟ್ಟೆಯಷ್ಟಿದ್ದ ಬಿಳಿಕಲ್ಲೊಂದು ಮಾತ್ರ, "ಕೊಡು, ನಾನಿಟ್ಟುಕೋತೀನಿ" ಎಂದಿತು.

"ನೀನಾ? ಅಂಗೈಯಲ್ಲಿ ಮುಚ್ಚಿಹೋಗ್ತೀಯಲ್ಲೋ!" ಎಂದು ಬಂಡೆ ನಕ್ಕಿತು.

ನದಿ ನಗಲಿಲ್ಲ. ತನ್ನ ತಂಪನ್ನೂ ತನ್ನ ನೀಲಿಯನ್ನೂ ಆ ಕಲ್ಲಿನೊಳಗಿಟ್ಟು ಬತ್ತಿಹೋದಳು.

ಆ ದಡದಲ್ಲಿ ಶೂಲಾನ್ ಎಂಬ ಅಜ್ಜಿ ಇದ್ದಳು. ಅವಳ ಮೊಮ್ಮಗಳು ಯಾನ್‌ಗೆ ಜ್ವರ. ಮೈ ಮುಟ್ಟಿದರೆ ಕಾದ ಹೆಂಚು. "ಅಜ್ಜೀ, ತಣ್ಣಗಿರೋದು ಏನಾದರೂ ಕೊಡು" ಎಂದು ಮೂರು ದಿನ ಕೇಳಿದ ಹುಡುಗಿ ನಾಲ್ಕನೇ ದಿನ ಕೇಳುವುದನ್ನೂ ಬಿಟ್ಟಳು.

ಅಜ್ಜಿ ಬರಿಗಾಲಲ್ಲಿ ಒಣಹೊಳೆಗೆ ಇಳಿದಳು. ಒಂದು ಕಲ್ಲು ತುಳಿದಳು, ಕಾಲು ಸುಟ್ಟಿತು. ಇನ್ನೊಂದು ಕಲ್ಲು ತುಳಿದಳು, ಕಾಲು ಸುಟ್ಟಿತು. ಮತ್ತೊಂದು ತುಳಿದಳು, ಅಂಗಾಲು ತಣ್ಣಗಾಯಿತು!

ಒಡೆದರೆ ತಂಪು ಹೊರಗೆ ಬರುತ್ತದೆಂದು ಆ ಬಿಳಿಕಲ್ಲನ್ನು ಮನೆಗೆ ತಂದು ಸುತ್ತಿಗೆ ಎತ್ತಿ ಬಡಿದಳು. ಟಣ್! ಕಲ್ಲು ಗಂಟೆಯ ಹಾಗೆ ಹಾಡಿತೇ ಹೊರತು ಒಡೆಯಲಿಲ್ಲ.

"ಬಡೀಬೇಡ ಅಜ್ಜೀ. ಒಳಗಿರೋದು ನನ್ನದಲ್ಲ, ನದಿಯದು. ಕೊಟ್ಟುಬಿಟ್ಟರೆ ಅವಳು ಮತ್ತೆ ಬರೋಲ್ಲ" ಎಂದಿತು ಕಲ್ಲು.

"ನದಿ ನಾಳೆ ಬರ್ತಾಳೋ ಬಿಡ್ತಾಳೋ! ನನ್ನ ಕೂಸು ಈಗ ಹೋಗ್ತಿದೆ" ಎಂದು ಅಜ್ಜಿ ಅತ್ತಳು.

ಕಲ್ಲು ಮೆಲ್ಲಗೆ ಹೇಳಿತು: "ಕೊಡೋಕೆ ನನ್ನಿಂದಾಗಲ್ಲ. ತಗೊಳ್ಳೋಕಾಗುತ್ತೆ. ನಿನ್ನ ಕೂಸಿನ ಬಿಸಿಯನ್ನ ನಾನು ತಗೋತೀನಿ. ಅವಳ ಕೈಗೆ ನನ್ನನ್ನ ಕಟ್ಟು."

"ಕಾದು ಸೀಳಿಹೋದರೆ?"

"ನೋಡೋಣ. ನೀ ಕಟ್ಟು."

ಅಜ್ಜಿ ಕಟ್ಟಿದಳು. ಜ್ವರದ ಹಳದಿ ಬಿಸಿ ಕಲ್ಲಿನೊಳಗೆ ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಒಳಗಿದ್ದ ನೀಲಿಯೊಂದಿಗೆ ಅದು ಬೆರೆತು ಬಿಳಿಕಲ್ಲು ಹಸಿರಾಯಿತು. ಒಂದು ನವಿರು ಗೆರೆ ಮೂಡಿತು. ಆದರೆ ಸೀಳಲಿಲ್ಲ.

ಯಾನ್ ಕಣ್ಣು ಬಿಟ್ಟಳು. "ಅಜ್ಜೀ, ಗಂಜಿ ಇದೆಯಾ?"

ನೀರು ಕುಡಿದು ಹೊಟ್ಟೆ ಭಾರವಾಗಿ ಸೂರ್ಯ ಮೇಲಕ್ಕೆ ಹತ್ತಿದ. ಬೆಟ್ಟದ ಹಿಮ ಕರಗಿ ನದಿ ಇಳಿದು ಬಂದಳು. "ನನ್ನ ತಂಪು?" ಎಂದಳು.

"ಇದೆ. ಹನಿಯಷ್ಟೂ ಕಮ್ಮಿಯಿಲ್ಲ. ನಿನ್ನ ನೀಲಿ ಮಾತ್ರ ಕೆಟ್ಟುಹೋಯ್ತು" ಎಂದಿತು ಯಾನ್‌ಳ ಕೈಯಲ್ಲಿದ್ದ ಕಲ್ಲು, ಅಳುಕುತ್ತ.

ನದಿ ದಡದಲ್ಲಿ ಆಡುತ್ತಿದ್ದ ಯಾನ್‌ಳನ್ನು ನೋಡಿದಳು. "ಕೆಟ್ಟಿಲ್ಲ ಕಣೋ. ಅರ್ಧ ತಂಪು ನನಗೆ ಸಾಕು. ಉಳಿದರ್ಧ ನಿನ್ನದು, ಆ ಬಣ್ಣವೂ ನಿನ್ನದು" ಎಂದು ಹೇಳಿ ಮುಂದಕ್ಕೆ ಹರಿದಳು.

ಅದಕ್ಕೇ ಅಲ್ಲಿಯ ಜನ ಹೊಳೆಗೆ ಬರಿಗಾಲಲ್ಲಿ ಇಳಿದು, ಅಂಗಾಲಲ್ಲೇ ಜೇಡ್ ಎಂಬ ಆ ಹಸಿರು ಕಲ್ಲನ್ನು ಹುಡುಕುತ್ತಾರೆ. ಅಜ್ಜಿಯರು ಮೊಮ್ಮಕ್ಕಳಿಗೆ ಜೇಡ್ ಬಳೆ ತೊಡಿಸುತ್ತಾರೆ. ಅದು ಒಡೆದರೂ ಬಯ್ಯುವುದಿಲ್ಲ. "ನಿನಗೆ ಬರಬೇಕಾದ್ದನ್ನ ಅದು ತಗೊಂಡಿತು, ಬಿಡು" ಅನ್ನುತ್ತಾರೆ.

ಇಗೋ, ಈ ಜೇಡ್ ಮಣಿ ಹಿಡಿ. ತಣ್ಣಗಿದೆಯಲ್ಲ? ಹಾಗೇ ಮುಷ್ಟಿ ಮುಚ್ಚಿಕೊಂಡಿರು. ನಾನು ಮತ್ತೆ ದಾರಿ ಹಿಡಿಯೋಕೆ ಕಂಬಳಿ ಸುತ್ತಿ, ಗಂಟು ಕಟ್ಟಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಅದು ನಿನ್ನ ಬಿಸಿ ತಗೊಂಡು ನಿನ್ನಷ್ಟೇ ಬೆಚ್ಚಗಾಗಿರುತ್ತೆ.