ನಿಂಬೆಹಣ್ಣಿನ ಹಂಪ್

ನಮ್ಮ ಬಡಾವಣೆಯಲ್ಲಿ ಎರಡು ರಸ್ತೆ ಕೂಡುವ ಕಡೆ ಗಾಡಿಗಳು ಎಗ್ಗಿಲ್ಲದೆ ನುಗ್ಗುತ್ತಿದ್ದವು. ಶಾಲೆ ಮಕ್ಕಳು ದಾಟುವುದೇ ಕಷ್ಟವಾಗಿತ್ತು. ಒಂದು ಹಂಪ್ ಹಾಕಿಸಿ ಎಂದು ಜನ ಅರ್ಜಿ ಕೊಟ್ಟರು. ನಗರಸಭೆಯ ಇಂಜಿನಿಯರ್ ತ್ರಿಯಂಬಕಯ್ಯ ಆ ಬೀದಿ ಗುಡಿಸುವ ಪುಟ್ಟತಾಯಮ್ಮನನ್ನು ಕರೆಸಿದರು.

"ಅಲ್ಲಿ ಗಾಡಿಗಳು ನಿಧಾನವಾಗೇ ಹೋಗುತ್ತವೆ, ಹಂಪ್ ಬೇಡ ಅಂತ ವರದಿ ಬರೆದಿದ್ದೀನಿ. ಕಣ್ಣಾರೆ ಕಂಡವಳು ಅಂತ ಸಹಿ ಹಾಕು. ಇಲ್ಲದಿದ್ದರೆ ನಾಳೆಯಿಂದ ಮಾರ್ಕೆಟ್ ಚರಂಡಿ ನಿನ್ನದು."

"ಹಾಕ್ತೀನಿ ಸ್ವಾಮಿ. ಬೆಳಿಗ್ಗೆ ಅಲ್ಲಿಗೇ ಬನ್ನಿ, ನೀವೂ ನೋಡಿದ ಹಾಗಾಯ್ತು," ಎಂದಳು.

ಬೆಳಿಗ್ಗೆ ಇಂಜಿನಿಯರ್ ಜೀಪು ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ರಸ್ತೆಯುದ್ದಗಲಕ್ಕೂ ಕುಂಕುಮ ಮೆತ್ತಿದ ನಿಂಬೆಹೋಳುಗಳು! ಬೈಕು, ಆಟೊ, ಹಾಲಿನ ವ್ಯಾನು ಎಲ್ಲವೂ ಅವನ್ನು ತುಳಿಯದಂತೆ ತೆವಳುತ್ತಿದ್ದವು. ಮಕ್ಕಳು ಆರಾಮಾಗಿ ದಾಟುತ್ತಿದ್ದರು.

"ಹತ್ತಿಸಿಕೊಂಡು ಹೋಗಯ್ಯ!"

"ಯಾರೋ ದೃಷ್ಟಿ ತೆಗೆದು ಹಾಕಿದ್ದು ಸಾರ್. ಬೇಕಾದರೆ ನೀವು ಮೊದಲು ದಾಟಿ, ನಾನು ಹಿಂದೆ ಬರ್ತೀನಿ."

ಇಂಜಿನಿಯರ್ ಇಳಿದರು. ಕಾಲೆತ್ತಿದರು. ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕೇ ಇಟ್ಟರು.

ಪುಟ್ಟತಾಯಮ್ಮ ಪೊರಕೆ ಹಿಡಿದು ಬಂದಳು. "ನಿಧಾನವಾಗೇ ಹೋಗ್ತವೆ ಸ್ವಾಮಿ, ಸಹಿ ಹಾಕ್ತೀನಿ. ಆದರೆ ಯಾಕೆ ನಿಧಾನ ಅಂತಲೂ ಬರೀರಿ. ನೀವು ನಿಂತಿದ್ದನ್ನೂ ಸೇರಿಸಿ."

ಇಡೀ ಬೀದಿ ನಕ್ಕಿತು. ಇಂಜಿನಿಯರ್ ಜೀಪಿನ ಬಾನೆಟ್ ಮೇಲೆಯೇ ವರದಿ ಹೊಡೆದುಹಾಕಿ ಹಂಪ್ ಹಾಕಲು ಆದೇಶ ಬರೆದರು.

ಪುಟ್ಟತಾಯಮ್ಮ ಹೋಳುಗಳನ್ನು ಆಯ್ದು ಸೆರಗಿಗೆ ತುಂಬಿಕೊಳ್ಳತೊಡಗಿದಳು.

"ಅಯ್ಯೋ, ಮುಟ್ಟಬೇಡ ಕಣಮ್ಮ!"

"ಜ್ಯೂಸ್ ಅಂಗಡಿಯವರು ಹಿಂಡಿ ಬಿಸಾಕಿದ್ದು ಸ್ವಾಮಿ, ಕುಂಕುಮ ಮಾತ್ರ ನಂದು. ಮನೇಲಿ ಹಿತ್ತಾಳೆ ಚೊಂಬು ತಿಕ್ಕೋಕೆ ಬೇಕು."