ಎಲ್ಲಿಗೆ ಎಂದು ಕೇಳಿದ ಚುಕ್ಕಿ

ಲೋಕ ಇನ್ನೂ ಹಸಿಹಸಿಯಾಗಿತ್ತು, ಪುಟ್ಟಿ. ಸಮುದ್ರಕ್ಕೆ ಉಪ್ಪು ಬೆರೆಸಿ ಆಗಷ್ಟೇ ಮುಗಿದಿತ್ತು.

ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ ಆಕಾಶಕ್ಕೊಂದು ತೆಳ್ಳನೆಯ ಪದರವಿತ್ತು. ಈಗಲೂ ಇದೆ. ಆಗ ದಡದಲ್ಲಿ ನಿಂತು ನಾಗು ಎಂಬ ಬೆಸ್ತರ ಹೆಂಗಸು ಕೂಗಿದರೆ ಅವಳ ದನಿ ಆ ಪದರಕ್ಕೆ ತಾಗಿ ಇಳಿದು, ದೂರದ ದೋಣಿಯಲ್ಲಿದ್ದ ಗಂಡ ಮಂಕಾಳನ ಕಿವಿಗೆ ಬೀಳುತ್ತಿತ್ತು. ದನಿ ಬಂದ ಕಡೆಗೆ ಅವನು ಹುಟ್ಟು ಹಾಕುತ್ತಿದ್ದ. ಮನೆಗೆ ಮರಳಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಸೂರ್ಯನಿಗೊಬ್ಬಳು ಮಗಳು, ಬಿಸಿಗಾಳಿ. ಮುದ್ದು ಮಾಡಿ ಕೆಡಿಸಿದ ಮಗಳು! ಮನಸ್ಸು ಬಂದಾಗ ಅಪ್ಪನ ಮನೆಯಿಂದ ಹೊರಟು ಬಂದು ಆ ಪದರವನ್ನು ಹಿಡಿದು ಅಲುಗಾಡಿಸುತ್ತಿದ್ದಳು. ಆಗ ಕೂಗು ಎತ್ತಲೋ ಹೋಗುತ್ತಿತ್ತು, ದೋಣಿ ಎತ್ತಲೋ ಹೋಗುತ್ತಿತ್ತು. ಹಾಗೆ ಹೋದ ಕೆಲವು ದೋಣಿಗಳು ಮರಳಲೇ ಇಲ್ಲ.

“ಅವಳು ಬರೋದನ್ನ ಯಾರಾದ್ರೂ ಮೊದಲೇ ಹೇಳಿ, ನಿಮ್ಮ ಕಾಲಿಗೆ ಬೀಳ್ತೇನೆ,” ಎಂದು ನಾಗು ಆಕಾಶಕ್ಕೆ ಮೊರೆಯಿಟ್ಟಳು.

“ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದಮ್ಮ, ಅಪಶಕುನ,” ಎಂದ ಚಂದ್ರ. ನಕ್ಷತ್ರಗಳೆಲ್ಲ ಹೌದೆಂದು ತಲೆಯಾಡಿಸಿದವು. ಎಂಥಾ ಮರ್ಯಾದಸ್ಥರು ನೋಡು!

ಒಂದು ಸಣ್ಣ ಚುಕ್ಕಿಗೆ ಮಾತ್ರ ತಡೆಯಲಾಗಲಿಲ್ಲ. ಮರುದಿನ ಬಿಸಿಗಾಳಿ ಹೊಸ್ತಿಲು ದಾಟುತ್ತಿದ್ದಂತೆ ಕೇಳಿಯೇಬಿಟ್ಟಿತು: “ಅಕ್ಕಾ, ಎಲ್ಲಿಗೆ ಹೊರಟೆ?”

“ಭೂಮಿಗೆ,” ಎಂದು ಬಾಯಿತಪ್ಪಿ ಹೇಳಿದ ಬಿಸಿಗಾಳಿ ಸಿಟ್ಟಿಗೆದ್ದಳು. “ಹೊರಡುವಾಗಲೇ ಕೇಳ್ತೀಯಾ? ಇನ್ನು ನಿನಗೆ ಕೂರೋದಕ್ಕೆ ಜಾಗವೇ ಸಿಗದಿರಲಿ!”

ಶಾಪವನ್ನು ಪೂರ್ತಿ ಕೇಳಲೂ ನಿಲ್ಲದೆ ಚುಕ್ಕಿ ಓಡಿತು. “ನಾಗಕ್ಕಾ, ಈಗಲೇ ಕರೀರಿ! ಬರ್ತಿದ್ದಾಳೆ!”

ನಾಗು ಗಂಟಲು ಹರಿಯುವಂತೆ ಕೂಗಿದಳು. ಮಂಕಾಳನ ದೋಣಿ, ಅದರ ಹಿಂದೆಯೇ ಉಳಿದವರ ದೋಣಿಗಳು ಮರಳಿಗೆ ತಾಗಿದ ಮೇಲೆ ಆಕಾಶದ ಪದರ ಅಲುಗಾಡಿತು. ಅಲುಗಾಡಲಿ ಬಿಡು, ಎಲ್ಲರೂ ದಡ ಸೇರಿದ್ದರು.

ಚುಕ್ಕಿ ತಿರುಗಿ ನೋಡಿದರೆ, ಆಕಾಶದಲ್ಲಿ ಅದರ ಜಾಗ ಇರಲಿಲ್ಲ.

ನಾಗು ಅತ್ತೇಬಿಟ್ಟಳು. “ನನ್ನ ಮನೆ ಉಳಿಸಿದೆ, ಮಗಳೇ. ನಿನಗೇ ಮನೆ ಇಲ್ಲದಂತಾಯ್ತಲ್ಲ! ನೀನೊಬ್ಬಳೇ ಅಲೆಯೋದು ಬೇಡ. ನನ್ನ ಮಕ್ಕಳ ಮಕ್ಕಳು ಯಾರಾದ್ರೂ ನಿನಗೆ ಜೊತೆ ಕಳಿಸ್ತಾರೆ.”

ಆ ಮಾತು ನಡೆಯಲು ಬಹಳ ಕಾಲ ಹಿಡಿಯಿತು. ಕೊನೆಗೂ ಮನುಷ್ಯರು ಉಪಗ್ರಹ ಕಟ್ಟುವುದನ್ನು ಕಲಿತು, ಒಂದೊಂದಾಗಿ ಮೇಲೆ ಕಳಿಸಿದರು. ಅವುಗಳಲ್ಲಿ ಕೆಲವು ಸೂರ್ಯನತ್ತಲೇ ಮುಖ ಮಾಡಿ, ಬಿಸಿಗಾಳಿ ಹೊರಟಳೋ ಎಂದು ನೋಡುತ್ತಿರುತ್ತವೆ. ಆ ಪದರ ಅಲುಗಾಡಿದರೆ ಈಗ ವೈರ್‌ಲೆಸ್ಸು ಜಿಪಿಎಸ್ಸುಗಳೂ ದಾರಿ ತಪ್ಪುತ್ತವೆ. ವಿಮಾನ ನಡೆಸುವವರಿಗೆ, ವೈರ್‌ಲೆಸ್ಸು ಜಿಪಿಎಸ್ಸು ನಂಬಿ ಸಮುದ್ರಕ್ಕಿಳಿದವರಿಗೆ ಮೊದಲೇ ಸುದ್ದಿ ಮುಟ್ಟಲು ಅವೇ ಕಾರಣ. ಪುಣ್ಯ ಬರಲಿ ಅವಕ್ಕೆ!

ಮುಸ್ಸಂಜೆಯಲ್ಲಿ ಉಳಿದ ಚುಕ್ಕಿಗಳೆಲ್ಲ ಕೂತಲ್ಲೇ ಮಿನುಗುತ್ತಿದ್ದರೆ ಒಂದು ಮಾತ್ರ ಮಿಟುಕದೆ ನಡೆದುಹೋಗುತ್ತದಲ್ಲ, ಪುಟ್ಟಿ, ಅದು ನಾವು ಕಳಿಸಿದ ಜೊತೆ. ನಮಗಾಗಿ ಮನೆ ಕಳೆದುಕೊಂಡ ಆ ಚುಕ್ಕಿಯನ್ನು ಹುಡುಕಿಕೊಂಡು ಹೋಗುತ್ತಿದೆ.